ನಡಾವಳಿಯಲ್ಲಿ ವರ್ಲೀನಳ ಕೈ

ಶೇಡಿ ಫೋರ್ಕ್ ಚರ್ಚಿನಲ್ಲಿ ಅಕ್ಟೋಬರ್ ತಿಂಗಳ ಮೂರನೆಯ ಭಾನುವಾರ ಹಾಡಿಕೆ ನಡೆಯುತ್ತದೆ. ಅದರ ನಡಾವಳಿ ಬರೆಯುವವನು ನಾನು. ಮೂವತ್ತು ವರ್ಷಕ್ಕೂ ಮೇಲಾಯಿತು. ನನಗಿಂತ ಮೊದಲು ನನ್ನ ಅಜ್ಜ ಬರೆಯುತ್ತಿದ್ದ. ಬರೆಯುವುದು ಹೆಚ್ಚೇನೂ ಇಲ್ಲ. ಯಾರು ಪ್ರಾರ್ಥನೆ ಹೇಳಿದರು, ಯಾರ ಹೆಸರು ಕರೆದರು, ಅವರು ಯಾವ ಪುಟದ ಹಾಡು ನಡೆಸಿದರು, ಊಟಕ್ಕೆ ಎಷ್ಟು ಹೊತ್ತಿಗೆ ಎದ್ದೆವು, ಇಷ್ಟೇ. ವರ್ಷದ ಕೊನೆಗೆ ಸುತ್ತಮುತ್ತಲ ಊರುಗಳ ನಡಾವಳಿಯೆಲ್ಲ ಸೇರಿ ಒಂದು ತೆಳು ಪುಸ್ತಕವಾಗಿ ಅಚ್ಚಾಗುತ್ತದೆ. ಈಚೆಗೆ ಕಂಪ್ಯೂಟರಿನಲ್ಲೂ ಹಾಕುತ್ತಾರೆ. ನಮ್ಮವರನ್ನು ಬಿಟ್ಟರೆ ಅದನ್ನು ಯಾರೂ ಓದುವುದಿಲ್ಲ ಎಂದುಕೊಂಡಿದ್ದೆ. ವಾಷಿಂಗ್ಟನ್ನಿನ ಸರ್ಕಾರಿ ವಕೀಲನೊಬ್ಬ ಓದಿದ.

ನಮ್ಮ ಹಾಡಿಕೆಗೆ ಪಿಯಾನೋ ಇಲ್ಲ, ಕೇಳಲೆಂದೇ ಬರುವವರೂ ಇಲ್ಲ. ಬಂದವರೆಲ್ಲ ಹಾಡಬೇಕು. ನಾಲ್ಕು ದಿಕ್ಕಿಗೂ ಬೆಂಚು ಹಾಕಿ, ನಾಲ್ಕು ದನಿಯವರು ಒಬ್ಬರಿಗೊಬ್ಬರು ಮುಖ ಮಾಡಿ ಕೂರುತ್ತೇವೆ. ನಡುವೆ ಉಳಿದ ಚೌಕದಲ್ಲಿ ಒಬ್ಬರು ನಿಂತು ಬಲಗೈಯನ್ನು ಮೇಲೆತ್ತಿ ಕೆಳಗಿಳಿಸಿ ತಾಳ ಕೊಡುತ್ತಾರೆ. ಹಾಡು ನಡೆಸುವುದು ಎಂದರೆ ಅದು. ಒಬ್ಬರಾದ ಮೇಲೆ ಒಬ್ಬರು, ಮಧ್ಯಾಹ್ನ ಮೂರರವರೆಗೂ. ನಾನು ಮೂಲೆಯ ಸಣ್ಣ ಮೇಜಿನ ಮುಂದೆ ತಲೆ ತಗ್ಗಿಸಿ ಕೂತಿರುತ್ತೇನೆ. ಹಾಡುವಾಗ ಕಣ್ಣೆತ್ತುವ ಅಭ್ಯಾಸ ನನಗಿಲ್ಲ. ಅಜ್ಜ ಹತ್ತಿ ಬಿಡಿಸುತ್ತ ಸಾಲು ಸಾಲಾಗಿ ಪದ್ಯ ಹೇಳುತ್ತಿದ್ದ. ಅವನ ಹಿಂದೆ ಚೀಲ ಎಳೆಯುತ್ತ ಕೇಳಿ ಬೆಳೆದವನು ನಾನು. ಮುಖ ನೋಡಿದರೆ ಮಾತು ತಪ್ಪಿಹೋಗುತ್ತದೆ ಎಂದು ಆಗಿನಿಂದಲೂ ನನಗೆ ಅನ್ನಿಸಿಬಿಟ್ಟಿದೆ.

ಅಜ್ಜ ಕಲಿಸಿದ ಇನ್ನೊಂದು ಕ್ರಮವಿದೆ. ಮುದಿತನಕ್ಕೋ ಕಾಯಿಲೆಗೋ ಕೈ ಸೋತವರ ಹೆಸರು ಕರೆದಾಗ ಬೇರೆ ಯಾರಾದರೂ ಎದ್ದು ಅವರ ಪರವಾಗಿ ಹಾಡು ನಡೆಸುತ್ತಾರೆ. ಎದ್ದು ನಿಲ್ಲಬಲ್ಲವರಾದರೆ ಅವರೂ ಪಕ್ಕದಲ್ಲಿ ನಿಂತಿರುತ್ತಾರೆ. ನಡಾವಳಿಯಲ್ಲಿ ಮಾತ್ರ ಕರೆದವರ ಹೆಸರನ್ನೇ ಬರೆಯಬೇಕು, ನಡೆಸಿದವರೆಂದೇ ಬರೆಯಬೇಕು. “ಇವತ್ತು ಹೆಸ್ರು ಬಿಟ್ಟೆ ಅಂದ್ರೆ ಮುಂದಿನ ವರ್ಷ ಅವ್ರು ಬರೋದೇ ಬಿಡ್ತಾರೆ ಕಣೋ,” ಎಂದಿದ್ದ ಅಜ್ಜ. ಹಾಸಿಗೆ ಹಿಡಿದವರು ಆ ತೆಳು ಪುಸ್ತಕ ತರಿಸಿಕೊಂಡು ತಮ್ಮ ಹೆಸರಿನ ಮೇಲೆ ಬೆರಳಾಡಿಸುವುದನ್ನು ನಾನೂ ಕಂಡಿದ್ದೆ. ಹಾಗಾಗಿ ಬರೆಯುತ್ತಿದ್ದೆ. ಅದರಲ್ಲಿ ಸುಳ್ಳಿದೆ ಎಂದು ಒಂದು ದಿನವೂ ಅನ್ನಿಸಿರಲಿಲ್ಲ.

ವರ್ಲೀನ್ ಟಿಡ್‌ವೆಲ್ ನನ್ನ ಮನೆಗೆ ಎರಡು ಮೈಲಿಯಲ್ಲಿರುವವಳು, ಗಂಡ ತೀರಿಕೊಂಡವಳು. ಪೇಟೆಯಲ್ಲಿ ಮುದುಕರನ್ನು ನೋಡಿಕೊಳ್ಳುವ ಆಶ್ರಮವೊಂದರಲ್ಲಿ ಹತ್ತೊಂಬತ್ತು ವರ್ಷ ದುಡಿದಿದ್ದಳು. ಎತ್ತಿ ಕೂರಿಸುವುದು, ಮೈ ತೊಳೆಯುವುದು, ಮಗ್ಗುಲು ತಿರುಗಿಸುವುದು ಅವಳ ಕೆಲಸ. ಒಂದು ಅಕ್ಟೋಬರ್‌ನ ಶುಕ್ರವಾರ, ಮಧ್ಯಾಹ್ನ ಎರಡಕ್ಕೆ, ಅಲ್ಲಿ ಕೆಲಸದವರಿಗೆಲ್ಲ ಫ್ಲೂ ಲಸಿಕೆ ಹಾಕಿದರು. ವರ್ಲೀನ್ ಕುರ್ಚಿಯಲ್ಲಿ ಕೂತಿದ್ದಳು, ಸೂಜಿ ಹಿಡಿದ ಹುಡುಗಿ ನಿಂತಿದ್ದಳು, ಹಿಂದೆ ಸಾಲು ಉದ್ದವಿತ್ತು. ತೋಳಿನ ಮಾಂಸಕ್ಕೆ ಹೋಗಬೇಕಾದ ಸೂಜಿ ಮೇಲಕ್ಕಾಯಿತು, ಭುಜದ ಕೀಲಿಗೆ ಹೊಕ್ಕಿತು. ಹೀಗಾಗುವುದು ಅಪರೂಪ. ಆದರೂ ಆಗುತ್ತದೆಂದು ಸರ್ಕಾರವೇ ಒಪ್ಪಿಕೊಂಡು ಪರಿಹಾರ ಕೊಡಲು ಒಂದು ಕಾನೂನು, ಒಂದು ಕೋರ್ಟು ಇಟ್ಟಿದೆ. ವರ್ಲೀನಳಿಗೆ ಲಸಿಕೆಯ ಮೇಲೆ ಸಿಟ್ಟಿರಲಿಲ್ಲ. ಮರುವರ್ಷ ಎಡತೋಳಿಗೆ ಹಾಕಿಸಿಕೊಂಡಳು.

ಆ ಶುಕ್ರವಾರ ರಾತ್ರಿಯಿಂದಲೇ ಬಲಗೈ ಮೇಲೇಳಲಿಲ್ಲ. ಭಾನುವಾರ ಬಾಳೆಹಣ್ಣಿನ ಪುಡ್ಡಿಂಗಿನ ಪಾತ್ರೆಯನ್ನು ಎಡಗೈಯಲ್ಲಿ ಅವುಚಿಕೊಂಡು ಹಾಡಿಕೆಗೆ ಬಂದಳು. ಏನಾಯಿತೆಂದು ಕೇಳಿದವರಿಗೆ “ತೋಳು ಸ್ವಲ್ಪ ಹಿಡ್ಕೊಂಡಿದೆ” ಎಂದಳು. ಪ್ರತಿ ವರ್ಷ ಅವಳು ನಡೆಸುವುದು ಅವಳಮ್ಮ ನಡೆಸುತ್ತಿದ್ದ ಹಾಡನ್ನು. ಹೆಸರು ಕರೆದಾಗ ಅವಳಮ್ಮನ ಸೋದರಸಂಬಂಧಿ ಓರ್ಬಿನ್ ಎದ್ದು, ಅವಳ ಪಕ್ಕದಲ್ಲಿ ನಿಂತು, ಅವಳ ಪರವಾಗಿ ಕೈ ಬೀಸಿದ. ನಾನು ಮೇಜಿನ ಮೇಲೆ ಬಗ್ಗಿ ಬರೆದೆ: ವರ್ಲೀನ್ ಟಿಡ್‌ವೆಲ್, ತಾಯಿಯ ನೆನಪಿಗೆ, ನಡೆಸಿದಳು.

ಹೋಗುತ್ತದೆ ಬಿಡು ಎಂದುಕೊಂಡು ಜನವರಿಯವರೆಗೂ ಅವಳು ಡಾಕ್ಟರ ಬಳಿ ಹೋಗಲಿಲ್ಲ. ಹೋದಾಗ, ಎಷ್ಟು ದಿನದಿಂದ ಎಂದು ಕೇಳಿದರೆ “ಒಂದೆರಡು ತಿಂಗಳಾಯ್ತೇನೋ” ಎಂದಳಂತೆ. ಅವರು ಹಾಗೆಯೇ ಬರೆದುಕೊಂಡರು. ಭುಜದೊಳಗೆ ಸ್ನಾಯು ಹರಿದಿತ್ತು, ಕೀಲು ಬಿಗಿದುಹೋಗಿತ್ತು. ಬೇಸಿಗೆಯ ಹೊತ್ತಿಗೆ ಕೆಲಸ ಹೋಯಿತು. ಕೆಲಸದ ಜೊತೆ ವಿಮೆಯೂ ಹೋಯಿತು. ಶಸ್ತ್ರಚಿಕಿತ್ಸೆ ಮಾಡಿಸಿದರೆ ಕೈ ಮುಕ್ಕಾಲು ಪಾಲು ಬರಬಹುದು, ತಡಮಾಡಿದರೆ ಇಲ್ಲ ಎಂದರು. ಅದಕ್ಕೆ ದಾರಿಯೆಂದು ಉಳಿದದ್ದು ಕೋರ್ಟಿನ ಪರಿಹಾರ ಒಂದೇ. ಬರ್ಮಿಂಗ್‌ಹ್ಯಾಮಿನ ವಕೀಲೆ, ಕೆಂಡ್ರಾ ಓಡಮ್ ಎಂಬ ಹುಡುಗಿ, ಕೇಸು ಹಿಡಿದಳು.

ಎರಡು ವರ್ಷ ಕಳೆದ ಮೇಲೆ, ಒಂದು ಬೆಳಗ್ಗೆ, ಇಬ್ಬರೂ ನನ್ನ ಮನೆಯ ಜಗಲಿಗೆ ಬಂದರು. ಕೆಂಡ್ರಾ ಕೈಯಲ್ಲಿ ಒಂದು ಹಾಳೆಯಿತ್ತು.

“ಇದು ನೀವು ಬರೆದದ್ದಾ, ಸರ್?”

“ನಾನೇ.”

“ನಡೆಸಿದಳು ಅಂತಿದೆ.”

“ಹೌದು.”

“ನಡೆಸಿದ್ರಾ ಇವ್ರು?”

“ಇಲ್ಲಮ್ಮ. ಓರ್ಬಿನ್ ನಡೆಸಿದ.”

ಹಾಡಿಕೆಯ ಕ್ರಮವನ್ನು ಬಿಡಿಸಿ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ದನಿ ನನಗೇ ಸಣ್ಣದಾಗಿ ಕೇಳಿಸತೊಡಗಿತು. ಕೆಂಡ್ರಾ ಮೆಟ್ಟಿಲ ಮೇಲೆ ಕೂತುಬಿಟ್ಟಳು.

“ಕಾನೂನು ಏನು ಹೇಳುತ್ತೆ ಅಂದ್ರೆ, ಚುಚ್ಚಿದ ನಲವತ್ತೆಂಟು ಗಂಟೆ ಒಳಗೆ ನೋವು ಶುರುವಾಗಿರಬೇಕು. ಶುಕ್ರವಾರ ಎರಡಕ್ಕೆ ಚುಚ್ಚಿದ್ದು. ಭಾನುವಾರ ಹನ್ನೊಂದಕ್ಕೆ, ಅಂದ್ರೆ ನಲವತ್ತೈದನೇ ಗಂಟೆಗೆ, ಕೈಯೆತ್ತಿ ತಾಳ ಹಾಕ್ತಿದ್ರು ಅಂತ ನೀವು ಬರೆದಿದ್ದೀರ. ಆ ಬೆಳಗ್ಗೆ ಕೈ ಎತ್ತೋಕೇ ಆಗ್ಲಿಲ್ಲ ಅಂತ ಇವ್ರು ಪ್ರಮಾಣ ಮಾಡಿ ಬರೆದುಕೊಟ್ಟಿದ್ದಾರೆ. ಜನವರಿಯ ಡಾಕ್ಟರ ಚೀಟಿಯಲ್ಲಿ ನೋಡಿದ್ರೆ ಎರಡು ತಿಂಗಳು, ಅಂದ್ರೆ ನವೆಂಬರ್‌ನಿಂದ. ನನಗೆ ಆ ಓರ್ಬಿನ್ ಬೇಕು. ಎಲ್ಲಿದ್ದಾರೆ?”

“ಚರ್ಚಿನ ಹಿಂದೆ,” ಎಂದಳು ವರ್ಲೀನ್. “ಅಮ್ಮನ ಪಕ್ಕದ ಸಾಲಲ್ಲಿ. ಕರೆದ್ರೆ ಬರಲ್ಲ. ಬದುಕಿದ್ದಾಗ್ಲೂ ಬರ್ತಿರ್ಲಿಲ್ಲ.”

ಆ ದಿನ ಹಾಡಿಕೆಯಲ್ಲಿ ಇಪ್ಪತ್ತೆಂಟು ಜನರಿದ್ದರು. ಬದುಕಿದ್ದವರನ್ನೆಲ್ಲ ಕೆಂಡ್ರಾ ಆಗಲೇ ಕೇಳಿ ಬಂದಿದ್ದಳು. ವರ್ಲೀನ್ ಚೌಕದಲ್ಲಿ ನಿಂತದ್ದು ಎಲ್ಲರಿಗೂ ನೆನಪಿತ್ತು, ಪಕ್ಕದಲ್ಲಿ ಯಾರಿದ್ದರೆಂದು ಯಾರಿಗೂ ನೆನಪಿರಲಿಲ್ಲ. ಕೈ? ಹಾಡುವಾಗ ಎಲ್ಲರ ಕಣ್ಣೂ ಪುಸ್ತಕದ ಮೇಲೆ. ಇಬ್ಬರಂತೂ ನಡಾವಳಿಯ ಪುಸ್ತಕ ತೆಗೆದು ನೋಡಿ, ಹೌದು, ಅವಳೇ ನಡೆಸಿದ್ದು ಎಂದು ಖಚಿತವಾಗಿ ಹೇಳಿದ್ದರು.

“ನೀವಾದ್ರೂ ನೋಡಿದ್ರಾ, ಅವ್ರ ಕೈ ಮೇಲೇಳಲಿಲ್ಲ ಅನ್ನೋದನ್ನ?”

“ನಾನು ನೋಡೋದಿಲ್ಲಮ್ಮ, ಕೇಳೋದು.”

“ಅಂದ್ರೆ?”

“ವರ್ಲೀನಳ ಕೈ ಕೆಳಗೆ ಬಂದ್ಮೇಲೆ ಒಂದು ಚೂರು ನಿಲ್ಲುತ್ತೆ. ಇಡೀ ಬೆಂಚು ಅವಳ ಜೊತೆ ಉಸಿರು ಹಿಡೀತಾರೆ, ಆಮೇಲೆ ಮೇಲೇಳ್ತಾರೆ. ಅವಳಮ್ಮಂದೂ ಹಾಗೇ ಇತ್ತು. ಓರ್ಬಿನ್‌ದು ಕೋಳಿ ಅಟ್ಟಿಸ್ಕೊಂಡು ಹೋದ ಹಾಗೆ. ಆವತ್ತು ಕೇಳ್ಸಿದ್ದು ಓರ್ಬಿನ್ ಕೈ.”

“ಕೈ ಕೇಳ್ಸುತ್ತಾ?”

“ಕೇಳ್ಸುತ್ತಮ್ಮ.”

ಕೆಂಡ್ರಾ ಹಣೆ ಉಜ್ಜಿಕೊಂಡಳು. “ಸರಿ. ಇದನ್ನೇ ಹೇಳಿ. ಕಾಯಿಲೆಯವರ ಮೇಲಿನ ಅಕ್ಕರೆಯಿಂದ ಬರೆದದ್ದು ಅಂತ ಹೇಳಿ. ಇದೊಂದೇ ಸಲ ತಾನೇ ಹೀಗೆ...” ನನ್ನ ಮುಖ ನೋಡಿ ಕೈ ಅಡ್ಡ ಹಿಡಿದಳು. “ಬೇಡ. ನನಗೆ ಹೇಳ್ಬೇಡಿ. ಅವ್ರು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ.”

ಅವಳು ಕಾರಿನ ಕಡೆ ನಡೆದ ಮೇಲೆ ವರ್ಲೀನ್ ಹಿಂದೆ ಉಳಿದಳು. ಬಲಗೈಯ ಹೆಬ್ಬೆರಳನ್ನು ಬೆಲ್ಟಿಗೆ ಸಿಕ್ಕಿಸಿಕೊಂಡಿದ್ದಳು. ತೋಳು ತೂಗಾಡಿದರೆ ನೋಯುತ್ತಿತ್ತು.

“ಡೆಲ್ಮರಣ್ಣ, ನನಗೋಸ್ಕರ ಸುಳ್ಳು ಹೇಳ್ಬೇಡ.”

“ಆಗ್ಲೇ ಹೇಳಿಬಿಟ್ಟಿದೀನಲ್ಲ ತಾಯಿ, ಪುಸ್ತಕದಲ್ಲಿ.”

ಅವಳು ನಕ್ಕಳು. ನಗುವಾಗಲೂ ಆ ಭುಜ ಅಲುಗಲಿಲ್ಲ.

ವಿಚಾರಣೆಯನ್ನು ವಿಡಿಯೋದಲ್ಲಿ ನಡೆಸಿದರು. ಪೇಟೆಯ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ನಾವು ಮೂವರು, ಗೋಡೆಯ ಮೇಲೆ ಮಕ್ಕಳು ಬರೆದ ಕುಂಬಳಕಾಯಿಯ ಚಿತ್ರಗಳು. ಪರದೆಯ ಮೇಲೆ ನ್ಯಾಯಾಧಿಕಾರಿ, ಕನ್ನಡಕದ ಹೆಂಗಸು, ಮಾತು ಮೃದು. ಇನ್ನೊಂದು ಚೌಕದಲ್ಲಿ ನೆಗಡಿಯಾದ ಸರ್ಕಾರಿ ವಕೀಲ. ಬೆಳಗ್ಗೆ ಮನೆಯಲ್ಲಿ ಮೊಣಕಾಲೂರಿ ನಾನು ಬೇಡಿಕೊಂಡದ್ದು ಒಂದೇ: ಅವನು ಆ ಪ್ರಶ್ನೆ ಕೇಳದೆ ಇರಲಿ. ಸತ್ಯ ಹೇಳುವ ಧೈರ್ಯ ಕೊಡು ಎಂದು ಬೇಡಬೇಕಿತ್ತು. ಬೇಡಲಿಲ್ಲ.

“ದಯವಿಟ್ಟು ಬಲಗೈ ಎತ್ತಿ,” ಎಂದಿತು ಪರದೆಯೊಳಗಿನ ಒಂದು ದನಿ. ಪ್ರಮಾಣ ಮಾಡಿಸುವವನು ದಿನಕ್ಕೆ ಹತ್ತು ಸಲ ಹೇಳುವ ಮಾತು ಅದು.

ವರ್ಲೀನ್ ಎಡಗೈಯಿಂದ ಬಲ ಮೊಣಕೈಯನ್ನು ಹಿಡಿದೆತ್ತಿದಳು. ಎದೆಯ ಮಟ್ಟಕ್ಕೆ ಬಂದು ನಿಂತಿತು. ಮುಖ ಬೆಳ್ಳಗಾಯಿತು. “ಯಾವ ಕೈಯಾದ್ರೂ ಆಗುತ್ತೆ, ಮೇಡಂ,” ಎಂದರು ನ್ಯಾಯಾಧಿಕಾರಿ ತಟ್ಟನೆ. ಈಗ ಕೈ ಏಳುವುದಿಲ್ಲ ಎಂಬುದರಲ್ಲಿ ಅಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಎಂದಿನಿಂದ ಎಂಬುದಷ್ಟೇ ಪ್ರಶ್ನೆ.

ಅವಳು ನಡೆದದ್ದನ್ನು ನಡೆದಂತೆ ಹೇಳಿದಳು. ಡಾಕ್ಟರಿಗೆ ಎರಡು ತಿಂಗಳು ಎಂದು ಯಾಕೆ ಹೇಳಿದಿರಿ ಎಂದು ಕೇಳಿದಾಗ “ಮೂರು ತಿಂಗಳು ಸುಮ್ನೆ ಕೂತಿದ್ದೆ ಅಂದ್ರೆ ಬೈತಾರೆ ಅಂದ್ಕೊಂಡೆ” ಎಂದಳು. ಆಮೇಲೆ ನನ್ನ ಸರದಿ. ಕೆಂಡ್ರಾ ಕೇಳಿದಳು, ಹಾಡಿಕೆಯ ಕ್ರಮ, ಓರ್ಬಿನ್, ನಾನು ಕೇಳಿಸಿಕೊಂಡದ್ದು, ಎಲ್ಲ ಹೇಳಿದೆ. ನ್ಯಾಯಾಧಿಕಾರಿ ಬರೆದುಕೊಳ್ಳುತ್ತಿದ್ದವರು ಒಮ್ಮೆ ತಲೆಯೆತ್ತಿದರು.

“ಕೈ ಬದಲಾದದ್ದನ್ನ ಕೇಳಿದ್ರಿ ಅಂತೀರಾ?”

“ಕೇಳಿದೆ, ಮೇಡಂ.”

ಅವರು ನಗಲಿಲ್ಲ. ಆ ಒಂದು ಕ್ಷಣ, ಇವರೂ ಎಲ್ಲೋ ಹಾಡುವವರ ನಡುವೆ ಹುಟ್ಟಿ ಬೆಳೆದವರಿರಬೇಕು ಎಂದು ನನಗೆ ಆಸೆ ಹುಟ್ಟಿತು.

ಸರ್ಕಾರಿ ವಕೀಲ ಮೂಗು ಒರೆಸಿಕೊಂಡು ಶುರು ಮಾಡಿದ. ಒರಟ ಅಲ್ಲ.

“ನೀವು ಬರೆದದ್ದು ನಿಜ ಅಲ್ಲ ಅಂತ ಇವತ್ತು ಹೇಳ್ತಿದ್ದೀರಿ, ಅಲ್ವಾ ಸರ್?”

“ಹೆಸ್ರು ಕರೆದದ್ದು ನಿಜ. ಹಾಡು ನಿಜ. ಕೈ ಮಾತ್ರ ಅವಳದಲ್ಲ.”

“ಹೀಗೆ ಎಷ್ಟು ಸಲ ಬರೆದಿದ್ದೀರಿ?”

ಆ ಪ್ರಶ್ನೆ ಬಂದಿತ್ತು. ಕೆಂಡ್ರಾ ಕುಂಬಳಕಾಯಿಯ ಚಿತ್ರ ನೋಡುತ್ತಿದ್ದಳು. ನೆನಪಿಲ್ಲ ಎನ್ನಬಹುದಿತ್ತು. ಎಪ್ಪತ್ತರ ಮುದುಕನಿಗೆ ನೆನಪಿಲ್ಲವೆಂದರೆ ಯಾರೂ ಬೆರಳೆತ್ತುತ್ತಿರಲಿಲ್ಲ. ವರ್ಲೀನ್ ಮೇಜಿನ ಕೆಳಗೆ ನನ್ನ ಕಾಲನ್ನು ತನ್ನ ಕಾಲಿನಿಂದ ಒತ್ತಿದಳು. ಹೇಳು ಎಂದೋ ಬೇಡ ಎಂದೋ ಅವಳನ್ನು ನಾನು ಇಂದಿಗೂ ಕೇಳಿಲ್ಲ.

“ಪ್ರತಿ ವರ್ಷ ಬರೆದಿದೀನಿ,” ಎಂದೆ. “ನಾಲ್ಕೈದು ಹೆಸ್ರು.”

“ಅಂದ್ರೆ ಮೂವತ್ತು ವರ್ಷದಲ್ಲಿ ನೂರರ ಮೇಲೆ.”

“ಮೇಲೇ ಇರಬೇಕು.”

“ಪ್ರೀತಿಯಿಂದ ಬರೆದದ್ದು.”

“ಹೌದು.”

“ಸ್ನೇಹಿತರಿಗೆ ನೋವಾಗಬಾರದು ಅಂತ, ನಡೆಯದೆ ಇದ್ದದ್ದನ್ನ ನಡೆದಿದೆ ಅಂತ ಹೇಳೋ ಅಭ್ಯಾಸ ನಿಮಗಿದೆ.” ಅವನು ಒಂದು ಗುಟುಕು ನೀರು ಕುಡಿದ. “ಇವತ್ತು ನಿಮ್ಮ ಪಕ್ಕದಲ್ಲಿ ಕೂತಿರೋದೂ ಸ್ನೇಹಿತರೇ, ಅಲ್ವಾ ಸರ್?”

ಕೆಂಡ್ರಾ ಏನೋ ಆಕ್ಷೇಪಿಸಿದಳು. ನ್ಯಾಯಾಧಿಕಾರಿ ಏನೋ ಹೇಳಿದರು. ನನ್ನ ಕಿವಿಯಲ್ಲಿ ಅಜ್ಜನ ದನಿ ಓಡುತ್ತಿತ್ತು, ಹತ್ತಿಯ ಸಾಲಿನ ನಡುವಿನಿಂದ, ವರ್ಲೀನಳ ಅಮ್ಮನ ಹಾಡಿನ ಸಾಲುಗಳು:

ಈ ಮಣ್ಣ ಮನೆ ಬೀಳುವ ದಿನ
ಆಚೆ ದಡದಿಂದ ಕೈಯ ಚಾಚು.

“ಹೌದು,” ಎಂದೆ. “ಸ್ನೇಹಿತಳೇ.”

ತೀರ್ಪು ಬಂದದ್ದು ಐದು ತಿಂಗಳ ಮೇಲೆ. ಕೆಂಡ್ರಾ ಫೋನಿನಲ್ಲಿ ಓದುತ್ತಿದ್ದಳು, ವರ್ಲೀನ್ ಅಡುಗೆಮನೆಯ ಮೇಜಿನ ಮೇಲೆ ಫೋನಿಟ್ಟು ದನಿ ಜೋರು ಮಾಡಿದ್ದಳು, ನಾನು ಎದುರಿಗೆ ಕೂತಿದ್ದೆ. ಘಟನೆಯ ಹೊತ್ತಿನಲ್ಲೇ ಬರೆದ ದಾಖಲೆಗೆ ವರ್ಷಗಳ ಮೇಲೆ ಹೇಳಿದ ನೆನಪಿಗಿಂತ ತೂಕ ಹೆಚ್ಚು. ಡಾಕ್ಟರ ಚೀಟಿಯೂ ನಡಾವಳಿಯೂ ಒಂದೇ ಕಡೆ ಬೊಟ್ಟು ಮಾಡುತ್ತವೆ. ಸಾಕ್ಷಿ ಪ್ರಾಮಾಣಿಕನೆಂದೇ ತೋರುತ್ತದೆ; ಆದರೆ ತಾನು ಬರೆದದ್ದನ್ನು ನಂಬಬೇಡಿ ಎನ್ನುವ ಬರಹಗಾರನ ಮಾತನ್ನು ಎಷ್ಟು ನಂಬಬಹುದೆಂದು ಹೇಳುವುದು ಕಷ್ಟ. ಅರ್ಜಿದಾರಳ ನೋವು ನಿಜ, ಅದಕ್ಕೆ ಕೋರ್ಟು ಮರುಗುತ್ತದೆ. ಅರ್ಜಿ ವಜಾ.

“ಮೇಲ್ಮನವಿ ಹಾಕಬಹುದು,” ಎಂದಳು ಕೆಂಡ್ರಾ. ದನಿಯಲ್ಲಿ ಜೀವವಿರಲಿಲ್ಲ. “ಆದ್ರೆ ಯಾರ ಮಾತು ನಂಬಬೇಕು ಅನ್ನೋದನ್ನ ಮೇಲಿನವರು ಸಾಮಾನ್ಯವಾಗಿ ಮುಟ್ಟಲ್ಲ.”

“ಆಯ್ತು ಮಗಳೇ. ನೀನು ಊಟ ಮಾಡಿದ್ಯಾ?” ಎಂದಳು ವರ್ಲೀನ್.

ಫೋನಿಟ್ಟ ಮೇಲೆ ಜೋಳದ ಬ್ರೆಡ್ಡನ್ನು ಎಡಗೈಯಲ್ಲಿ ಮುರಿದು ನನ್ನ ತಟ್ಟೆಗೆ ಹಾಕಿದಳು. ಅಡುಗೆಮನೆಯ ಮೇಲಿನ ಗೂಡುಗಳ ಬಾಗಿಲುಗಳೆಲ್ಲ ತೆರೆದಿದ್ದವು, ಒಳಗೆ ಏನೂ ಇರಲಿಲ್ಲ. ಡಬ್ಬಿ, ಲೋಟ, ಉಪ್ಪಿನಕಾಯಿಯ ಬಾಟಲಿಗಳೆಲ್ಲ ಗೋಡೆಯುದ್ದಕ್ಕೂ ನೆಲದ ಮೇಲೆ ಸಾಲಾಗಿ ನಿಂತಿದ್ದವು.

“ನಾನು ಬರೀದೆ ಇದ್ದಿದ್ರೆ...” ಎಂದೆ.

“ತಿನ್ನಣ್ಣ. ಆರಿಹೋಗುತ್ತೆ.”

ಆ ಅಕ್ಟೋಬರ್‌ನಲ್ಲಿ ಮೂರನೆಯ ಭಾನುವಾರ ಮತ್ತೆ ಬಂತು. ಮೊದಲ ಪ್ರಾರ್ಥನೆ ಮುಗಿದ ಮೇಲೆ ನಾನು ಎದ್ದು ನಿಂತು, ಇನ್ನು ಮುಂದೆ ನಿಜವಾಗಿ ನಡೆಸಿದವರ ಹೆಸರನ್ನಷ್ಟೇ ಬರೆಯುತ್ತೇನೆ ಎಂದು ಹೇಳಿದೆ. ಗಾಲಿಕುರ್ಚಿಯಲ್ಲಿದ್ದ ಓಜೆಲ್ಲಾ ಅಜ್ಜಿಗೆ ತೊಂಬತ್ತೊಂದು. ಕಿವಿಗೆ ಕೈಹಚ್ಚಿ ಪಕ್ಕದವರಿಂದ ಇನ್ನೊಮ್ಮೆ ಹೇಳಿಸಿಕೊಂಡಳು.

“ಹಾಗಾದ್ರೆ ನನ್ನ ಹೆಸ್ರು ಬರೆಯಲ್ವೇನೋ, ಡೆಲ್ಮರ್?”

“ಕರೆದ್ರು ಅಂತ ಬರೀತೀನಜ್ಜಿ.”

“ಕರೆದ್ರು ಅಂತ,” ಎಂದಳು ಅಜ್ಜಿ. “ಹಸೂನ ಕರೆದ ಹಾಗೆ.”

ಒಂದಿಬ್ಬರು ನಕ್ಕರು. ಅಜ್ಜಿ ನಗಲಿಲ್ಲ. ಊಟಕ್ಕೆ ಮೊದಲೇ ಮನೆಗೆ ಕರೆದುಕೊಂಡು ಹೋಗು ಎಂದು ಮೊಮ್ಮಗಳಿಗೆ ಹೇಳಿದಳು. ಅವಳು ತಂದಿದ್ದ ಕರಿದ ಬೆಂಡೆಕಾಯಿ ಮೇಜಿನ ಮೇಲೆಯೇ ಉಳಿಯಿತು.

ಹನ್ನೊಂದರ ಸುಮಾರಿಗೆ ವರ್ಲೀನಳ ಹೆಸರು ಕರೆದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. “ವರ್ಲೀನಕ್ಕ, ನಿಮ್ಮ ಪರವಾಗಿ ನಾನು...”

“ಬೇಡ ಮಗಳೇ, ಕೂತ್ಕೋ. ಅಮ್ಮನ ಪುಟ ತೆಗೀರಿ. ಕೂತೇ ಹಾಡೋಣ.”

ಚೌಕದಲ್ಲಿ ಯಾರೂ ಇಲ್ಲದೆ ನಾವು ಆ ಹಾಡನ್ನು ಹಾಡಿದೆವು. ಮೊದಲ ಸಾಲಿನಲ್ಲೇ ದನಿಗಳು ಒಂದರ ಕಾಲನ್ನು ಒಂದು ತುಳಿದವು, ಒಬ್ಬರು ಮುಂದೆ, ಒಬ್ಬರು ಹಿಂದೆ. ಎರಡನೆಯ ಸಾಲಿಗೆ ಏನೋ ಹಿಡಿತ ಸಿಕ್ಕಿತು. ಇಳಿದಾಗ ಒಂದು ಚೂರು ನಿಲ್ಲುತ್ತಿತ್ತು. ನಾನು ಪೆನ್ನು ಕೆಳಗಿಟ್ಟು, ಹಾಡಿನ ನಡುವೆ ಎಂದೂ ಎತ್ತದ ಕಣ್ಣೆತ್ತಿ ನೋಡಿದೆ.

ವರ್ಲೀನಳ ಬಲಗೈ ತೊಡೆಯ ಮೇಲಿತ್ತು. ಬೆರಳುಗಳು ಒಟ್ಟಾಗಿ ಬಟ್ಟೆಯನ್ನು ಒತ್ತುತ್ತಿದ್ದವು. ಕೆಳಗಿನ ಪೆಟ್ಟು ಬೀಳುತ್ತಿತ್ತು. ಮೇಲಿನದಕ್ಕೆ ಅವಳ ಗದ್ದ ಮಾತ್ರ ಏಳುತ್ತಿತ್ತು, ಕೈ ಅಲ್ಲೇ ಉಳಿಯುತ್ತಿತ್ತು. ಅಷ್ಟರಲ್ಲೇ ಇಪ್ಪತ್ತು ಜನ ಅವಳನ್ನು ಹಿಡಿದು ಹಾಡುತ್ತಿದ್ದರು. ಕೊನೆಯ ಸಾಲು ಮುಗಿಯುವಷ್ಟರಲ್ಲಿ ಅವಳ ತುಟಿ ನೋವಿಗೆ ಬಿಗಿದುಕೊಂಡಿತ್ತು.

ಊಟಕ್ಕೆ ಎಲ್ಲರೂ ಮರದ ಕೆಳಗೆ ಹೋದ ಮೇಲೆ ಅವಳು ನನ್ನ ಮೇಜಿನ ಬಳಿ ಬಂದು ನಿಂತಳು.

“ಏನು ಬರೆದೆ, ಅಣ್ಣ?”

ಓದಿದೆ. “ವರ್ಲೀನ್ ಟಿಡ್‌ವೆಲ್ ಹೆಸರು ಕರೆಯಲಾಯಿತು. ಬಲಗೈ ಎತ್ತಲಾಗದ ಕಾರಣ ಚೌಕದಲ್ಲಿ ನಿಂತು ನಡೆಸಲಿಲ್ಲ.”

ಅವಳು ಎಡಗೈಯ ಬೆರಳನ್ನು ಆ ಸಾಲಿನ ಮೇಲಿಟ್ಟಳು.

“ಬಲಗೈ ಎತ್ತಲಾಗದ ಕಾರಣ ಅನ್ನೋದು ಬೇಡ.”

“ಅದೇ ನಿಜ ಅಲ್ವಾ ವರ್ಲೀನ್? ಈ ಸಲವಾದ್ರೂ...”

“ಕೇಳಬೇಕಾದವರೇ ಬೇಡ ಅಂದ್ರು. ಇನ್ನು ಪುಸ್ತಕ ಯಾಕೆ ಹೊತ್ಕೊಂಡು ತಿರುಗಬೇಕು ಅದನ್ನ? ನಡೆಸಲಿಲ್ಲ ಅಂತಿದ್ರೆ ಸಾಕು.”

ಅವಳು ಹೊರಗೆ ಹೋಗಲು ತಿರುಗಿದಳು. ಬಾಗಿಲ ಹಿಡಿ ಬಲಕ್ಕಿತ್ತು; ಮೈಯನ್ನೇ ತಿರುಗಿಸಿ ಎಡಗೈಯಿಂದ ಎಳೆದುಕೊಂಡಳು. ನಾನು ಪೆನ್ನು ತೆಗೆದುಕೊಂಡು ಮೂರು ಪದಗಳ ಮೇಲೆ ಗೆರೆ ಎಳೆದೆ.